ಪದವಿನ ಹುಲ್ಲು, ಮಣ್ಣಿನ ಸಾರ: ಪದೇ ಪದೇ ಕೇಳುವ ಪ್ರಶ್ನೆಗಳು

ಮಂಗಳೂರು, ಉಡುಪಿ ಕಡೆಯ ಮುರಕಲ್ಲಿನ (ಲ್ಯಾಟರೈಟ್) ಪದವುಗಳನ್ನು, ಅಂದರೆ ಗುಡ್ಡದ ಮೇಲಿನ ಸಪಾಟಾದ ಹುಲ್ಲು ಬಯಲುಗಳನ್ನು, ಜನ ಸುಮ್ನೆ ಬಿದ್ದಿರುವ ಜಾಗ ಅಂದುಕೊಳ್ಳುತ್ತಾರೆ. ಕಡತಗಳಲ್ಲೂ ಬಹಳ ಸಲ ಪಾಳು ಅಂತಲೇ ಬರೆದಿರುತ್ತದೆ. ಅಲ್ಲಿ ಹುಲ್ಲು ಮಾಡುವ ಕೆಲಸವನ್ನು ಹತ್ತಿರದಿಂದ ನೋಡಿದವರಿಗೆ ಈ ಮಾತು ಒಪ್ಪಿಗೆಯಾಗುವುದಿಲ್ಲ. ಪದವಿನ ಸಾರ ಮಣ್ಣಿನಲ್ಲಿ ದಾಸ್ತಾನಾಗಿ ಕೂತಿಲ್ಲ. ಅದು ಎಲೆಯಿಂದ ಬೇರಿಗೆ, ಬೇರಿನಿಂದ ಹುಳಕ್ಕೆ, ಹುಳದಿಂದ ಮತ್ತೆ ಹುಲ್ಲಿಗೆ ಓಡಾಡುತ್ತಲೇ ಇರುತ್ತದೆ. ತೋಟ ಇರುವವರು, ದನ ಸಾಕುವವರು, ಸೈಟು ತೆಗೆದುಕೊಂಡವರು, ಶಾಲೆಯ ಮೇಷ್ಟ್ರುಗಳು ಕೇಳುವ ಪ್ರಶ್ನೆಗಳನ್ನು ಇಲ್ಲಿ ಸೇರಿಸಿದ್ದೇನೆ.

ಪದವಿನಲ್ಲಿ ಮಣ್ಣೇ ಇಲ್ಲ, ಬರೀ ಕಲ್ಲು. ಹುಲ್ಲಿಗೆ ಆಹಾರ ಎಲ್ಲಿಂದ ಸಿಗುತ್ತದೆ?

ಮಣ್ಣು ಕಡಿಮೆ, ನಿಜ. ಕೆಲವು ಕಡೆ ನಾಲ್ಕು ಬೆರಳಿನಷ್ಟು ದಪ್ಪವೂ ಇಲ್ಲ. ಇದಕ್ಕೆ ಮುಖ್ಯ ಕಾರಣ ನಮ್ಮ ಮಳೆ. ಕರಾವಳಿಯಲ್ಲಿ ವರ್ಷಕ್ಕೆ 3,500ರಿಂದ 4,000 ಮಿಲಿಮೀಟರ್ ಸುರಿಯುತ್ತದೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ. ಲಕ್ಷಾಂತರ ವರ್ಷ ಹೀಗೆ ನೀರು ಇಳಿದು ಇಳಿದು ಕಲ್ಲಿನೊಳಗಿನ ಸುಣ್ಣದ ಅಂಶ, ಮೆಗ್ನೀಸಿಯಂ, ಪೊಟ್ಯಾಶ್ ಎಲ್ಲ ತೊಳೆದುಹೋಗಿವೆ. ಉಳಿದದ್ದು ಹೆಚ್ಚಾಗಿ ಕಬ್ಬಿಣ ಮತ್ತು ಅಲ್ಯೂಮಿನಿಯಂ. ಮುರಕಲ್ಲಿನ ಕೆಂಪು ಬಣ್ಣ ಆ ಕಬ್ಬಿಣದ್ದೇ. ಮಣ್ಣು ಹುಳಿ. ರಸಸಾರ, ಅಂದರೆ ಪಿ.ಎಚ್., ಸಾಮಾನ್ಯವಾಗಿ 5ರ ಆಸುಪಾಸು ಇರುತ್ತದೆ.

ಹೀಗಿದ್ದೂ ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಮಂಗಳೂರು ಹತ್ತಿರದ ಕೊಣಾಜೆ, ಮುಡಿಪು ಕಡೆ ಹೋಗಿ ನೋಡಿ, ಕಲ್ಲಿನ ಬಿರುಕು ಬಿರುಕಿನಲ್ಲೂ ಹುಲ್ಲು. ಹೊರಗಿನಿಂದ ಸ್ವಲ್ಪ ಆಹಾರ ಬರುತ್ತದೆ. ಕಡಲು ಹತ್ತಿರ ಇರುವುದರಿಂದ ಮಳೆನೀರಿನ ಜೊತೆ ಮೆಗ್ನೀಸಿಯಂ, ಗಂಧಕ ಬರುತ್ತವೆ. ಮಳೆಗಾಲದಲ್ಲಿ ಕಲ್ಲಿನ ಮೇಲೆ ಕಪ್ಪಗೆ ಜಾರುವ ಪಾಚಿ ಇರುತ್ತದಲ್ಲ, ಅದರಲ್ಲಿ ಕೆಲವು ಜಾತಿ ಗಾಳಿಯ ಸಾರಜನಕವನ್ನು ಹಿಡಿದು ಮಣ್ಣಿಗೆ ಸೇರಿಸುತ್ತವೆ. ಆದರೆ ಹುಲ್ಲು ಒಂದು ವರ್ಷದಲ್ಲಿ ಬಳಸುವ ಪೋಷಕಾಂಶದ ದೊಡ್ಡ ಪಾಲು ಹೊಸದಾಗಿ ಬಂದದ್ದಲ್ಲ. ಹೋದ ವರ್ಷದ ಎಲೆಯದು, ಹೋದ ವರ್ಷದ ಬೇರಿನದು. ಬ್ಯಾಂಕಿನಲ್ಲಿ ಇಟ್ಟ ದುಡ್ಡು ಕಡಿಮೆಯಾದರೂ ಸಂತೆಯಲ್ಲಿ ಕೈಯಿಂದ ಕೈಗೆ ಓಡಾಡುವ ದುಡ್ಡಿನಿಂದಲೇ ಒಂದು ಊರು ನಡೆಯಬಹುದು. ಪದವಿನ ಲೆಕ್ಕ ಹಾಗೆ.

ನವೆಂಬರ್ ಆದಮೇಲೆ ಹುಲ್ಲು ಒಣಗಿ ಹೋಗುತ್ತದೆ. ಆಗ ಅದರ ಸತ್ವ ಎಲ್ಲ ಹಾಳಾಯಿತು ಅಂತ ಅಲ್ವಾ?

ಅಲ್ಲ. ಎಲೆ ಹಳದಿಯಾಗುವುದೇ ಸತ್ವವನ್ನು ವಾಪಸ್ ಎಳೆದುಕೊಳ್ಳುವ ಕೆಲಸ ನಡೆಯುತ್ತಿದೆ ಅನ್ನುವುದಕ್ಕೆ ಗುರುತು. ಎಲೆಯ ಹಸಿರನ್ನು, ಅದರೊಳಗಿನ ಪ್ರೋಟೀನನ್ನು ಗಿಡ ಬಿಡಿಸಿ, ಅದರ ಸಾರಜನಕವನ್ನೂ ರಂಜಕವನ್ನೂ ಬುಡಕ್ಕೆ ಮತ್ತು ಬೇರಿಗೆ ಇಳಿಸಿಕೊಳ್ಳುತ್ತದೆ. ಸಾಮಾನ್ಯವಾಗಿ ಅರ್ಧದಷ್ಟು, ಕೆಲವು ಸಲ ಅದಕ್ಕಿಂತಲೂ ಜಾಸ್ತಿ ಹೀಗೆ ಉಳಿಯುತ್ತದೆ. ಕ್ಯಾಲ್ಸಿಯಂ ಮಾತ್ರ ಹೀಗೆ ಹಿಂದೆ ಬರುವುದಿಲ್ಲ, ಅದು ಒಣ ಎಲೆಯಲ್ಲೇ ಉಳಿದು ಮಣ್ಣಿಗೆ ಬೀಳುತ್ತದೆ.

ಜನವರಿಯಲ್ಲಿ, ಮನೆಯ ಮಾಡಿಗೆ ಹೊದಿಸುವ ಮುಳಿಹುಲ್ಲಿನ ಒಂದು ಬುಡವನ್ನು ಬಿಡಿಸಿ ನೋಡಿ. ಮೇಲೆ ಕೈಯಲ್ಲಿ ಉಜ್ಜಿದರೆ ಪುಡಿಯಾಗುವ ಒಣ ಹುಲ್ಲು. ಬುಡದಲ್ಲಿ, ಹಳೆಯ ಎಲೆಗಳ ಸುರುಳಿಯ ಒಳಗೆ, ಬೆಳ್ಳಗೆ ಗಟ್ಟಿಯಾದ ಮೊಳಕೆ ಇರುತ್ತದೆ. ಉಗುರಿನಿಂದ ಒತ್ತಿದರೆ ಹಸಿ ಹಸಿ. ಆ ಸತ್ವ ಎಲ್ಲ ಅಲ್ಲಿದೆ. ಮಳೆ ಬಂದ ಕೂಡಲೇ ಹಸಿರು ಚಿಗುರು ಬರುವುದು ಈ ಉಳಿತಾಯದಿಂದ. ಮಣ್ಣಿನಿಂದ ಹೀರಿ ಆಮೇಲೆ ಬೆಳೆಯಲು ಅಷ್ಟು ಸಮಯ ಎಲ್ಲಿದೆ?

ನೆಲದ ಮೇಲಿನ ಹುಲ್ಲು ಜಾಸ್ತಿಯೋ, ಒಳಗಿನ ಬೇರು ಜಾಸ್ತಿಯೋ?

ಬಹುವಾರ್ಷಿಕ ಹುಲ್ಲುಗಾವಲಿನಲ್ಲಿ ಹೆಚ್ಚಾಗಿ ಬೇರೇ ಜಾಸ್ತಿ. ಒಟ್ಟು ತೂಕದ ಅರ್ಧಕ್ಕಿಂತ ಹೆಚ್ಚು ನೆಲದೊಳಗೆ ಇರುವುದು ಸಾಮಾನ್ಯ. ಅದರಲ್ಲಿ ಸಣ್ಣ ನೂಲಿನಂಥ ಬೇರುಗಳು ನಿರಂತರ ಸಾಯುತ್ತವೆ, ಹೊಸತು ಬರುತ್ತವೆ. ಸತ್ತ ಬೇರು ಇದ್ದಲ್ಲೇ ಕೊಳೆಯುತ್ತದೆ. ಗಾಳಿಗೆ ಹಾರುವುದಿಲ್ಲ, ಮಳೆನೀರಿಗೆ ಕೊಚ್ಚಿಹೋಗುವುದಿಲ್ಲ, ಬೆಂಕಿಗೂ ಸಿಗುವುದಿಲ್ಲ. ಮಣ್ಣಿನ ಹ್ಯೂಮಸ್, ಅಂದರೆ ಕೊಳೆತು ಉಳಿದ ಕಪ್ಪು ಸಾವಯವ ಅಂಶ, ಹೆಚ್ಚುವುದು ಮೇಲಿನ ಕಸಕ್ಕಿಂತ ಈ ಬೇರಿನಿಂದಲೇ ಜಾಸ್ತಿ. ಇದನ್ನು ಮರೆತು ಹುಲ್ಲನ್ನು ಬರೀ ಮೇವಿನ ಲೆಕ್ಕದಲ್ಲಿ ನೋಡಿದರೆ ಮುಖ್ಯವಾದ ಅರ್ಧ ಕಣ್ಣಿಗೇ ಬೀಳುವುದಿಲ್ಲ.

ಬದುಕಿರುವ ಬೇರು ಕೂಡ ಸುಮ್ಮನಿರುವುದಿಲ್ಲ. ಸಕ್ಕರೆ, ಸಾವಯವ ಆಮ್ಲಗಳನ್ನು ಮಣ್ಣಿಗೆ ಒಸರುತ್ತದೆ. ಅದನ್ನು ತಿಂದು ಸೂಕ್ಷ್ಮಜೀವಿಗಳು ಬೇರಿನ ಸುತ್ತ ಬೆಳೆಯುತ್ತವೆ, ಹಳೆಯ ಹ್ಯೂಮಸ್ಸನ್ನು ಒಡೆಯುತ್ತವೆ. ಆ ಸೂಕ್ಷ್ಮಜೀವಿಗಳನ್ನು ಇನ್ನೂ ಸ್ವಲ್ಪ ದೊಡ್ಡ ಜೀವಿಗಳು ತಿನ್ನುತ್ತವೆ. ಅವು ಹೊರಹಾಕುವ ಸಾರಜನಕ ಬೇರಿನ ಪಕ್ಕದಲ್ಲೇ ಸಿಗುತ್ತದೆ. ಗಿಡ ಕೊಟ್ಟು ತೆಗೆದುಕೊಳ್ಳುತ್ತದೆ.

ಗುಡುಗು ಮಿಂಚಿನ ಮಳೆ ಬಂದರೆ ಹುಲ್ಲು ಒಮ್ಮೆಲೇ ಹಸಿರಾಗುತ್ತದೆ ಅಂತ ಹಿರಿಯರು ಹೇಳುತ್ತಾರೆ. ಮಿಂಚಿನಿಂದ ಗೊಬ್ಬರ ಬರುವುದು ನಿಜವಾ?

ಮಿಂಚು ಗಾಳಿಯ ಸಾರಜನಕವನ್ನು ಒಡೆದು ನೈಟ್ರೇಟ್ ಆಗುವಂತೆ ಮಾಡುತ್ತದೆ, ಅದು ಮಳೆಯಲ್ಲಿ ಬರುತ್ತದೆ. ಇದು ನಿಜ. ಆದರೆ ಪ್ರಮಾಣ ಸಣ್ಣದು. ಹಿರಿಯರು ಕಂಡದ್ದು ಸರಿಯಾಗಿಯೇ ಇದೆ, ಅದರ ದೊಡ್ಡ ಕಾರಣ ಮಾತ್ರ ಆಕಾಶದಲ್ಲಿಲ್ಲ, ನೆಲದಲ್ಲಿದೆ.

ಬೇಸಿಗೆಯಲ್ಲಿ ಮಣ್ಣು ಪೂರ್ತಿ ಒಣಗಿದಾಗ ಅದರೊಳಗಿನ ಸೂಕ್ಷ್ಮಜೀವಿಗಳಲ್ಲಿ ಬಹಳಷ್ಟು ಸಾಯುತ್ತವೆ, ಉಳಿದವು ನಿದ್ದೆಗೆ ಹೋಗುತ್ತವೆ. ಪತ್ತನಾಜೆ ಹೊತ್ತಿಗೆ (ಮೇ ಕೊನೆಗೆ) ಒಂದು ಒಳ್ಳೆ ಮಳೆ ಬಿದ್ದರೆ ಉಳಿದವು ಎದ್ದು, ಸತ್ತವುಗಳನ್ನು ತಿಂದು, ಕೆಲವೇ ದಿನಗಳಲ್ಲಿ ತುಂಬ ಸಾರಜನಕವನ್ನು ಬಿಡುಗಡೆ ಮಾಡುತ್ತವೆ. ಬರ್ಚ್ ಎಂಬ ವಿಜ್ಞಾನಿ 1950ರ ದಶಕದಲ್ಲಿ ಪೂರ್ವ ಆಫ್ರಿಕಾದ ಮಣ್ಣುಗಳಲ್ಲಿ ಇದನ್ನು ವಿವರವಾಗಿ ಅಳೆದು ತೋರಿಸಿದರು. ಈಗಲೂ ಇದನ್ನು ಅವರ ಹೆಸರಿನಲ್ಲೇ ಕರೆಯುತ್ತಾರೆ.

ಈ ಸಾರಜನಕ ಯಾರಿಗೆ ಸಿಗುತ್ತದೆ ಅನ್ನುವುದು ಮುಖ್ಯ. ಉತ್ತು ಖಾಲಿ ಬಿಟ್ಟ ಗದ್ದೆಯಲ್ಲಿ ಆ ಹೊತ್ತಿಗೆ ಬೆಳೆ ಇರುವುದಿಲ್ಲ. ಮುಂದಿನ ದೊಡ್ಡ ಮಳೆಗೆ ನೈಟ್ರೇಟ್ ತೊಳೆದು ಹೋಗುತ್ತದೆ. ಪದವಿನ ಹುಲ್ಲಿಗೆ ಬೇರು ತಯಾರಿದೆ, ಮೊಳಕೆ ತಯಾರಿದೆ. ಅದು ಹಿಡಿದುಕೊಳ್ಳುತ್ತದೆ. ನಮ್ಮಂಥ ಮಳೆಯ ಊರಿನಲ್ಲಿ ಪೋಷಕಾಂಶ ಉಳಿಯಬೇಕಾದರೆ ಮಳೆ ಶುರುವಾಗುವಾಗ ನೆಲದಲ್ಲಿ ಜೀವಂತ ಬೇರು ಇರಲೇಬೇಕು.

ಗುಡ್ಡದ ಒಣಹುಲ್ಲು ತಂದು ತರಕಾರಿ ಗಿಡದ ಬುಡದ ಮಣ್ಣಿಗೆ ಬೆರೆಸಿದೆ. ಗಿಡ ಹಳದಿ ಆಯಿತು. ಗೊಬ್ಬರ ಹಾಕಿದರೆ ಹೀಗ್ಯಾಕೆ?

ಒಣಹುಲ್ಲಿನಲ್ಲಿ ಇಂಗಾಲ ತುಂಬ, ಸಾರಜನಕ ಕಡಿಮೆ. ಒಂದು ಪಾಲು ಸಾರಜನಕಕ್ಕೆ 60ರಿಂದ 100 ಪಾಲು ಇಂಗಾಲ ಇರಬಹುದು. ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳ ಮೈಯಲ್ಲಿ ಈ ಲೆಕ್ಕ ಸುಮಾರು 8ಕ್ಕೆ 1. ತಮ್ಮ ಮೈ ಬೆಳೆಸಲು ಅವಕ್ಕೆ ಬೇಕಾದಷ್ಟು ಸಾರಜನಕ ಹುಲ್ಲಿನಲ್ಲಿ ಇಲ್ಲ, ಹಾಗಾಗಿ ಸುತ್ತಲಿನ ಮಣ್ಣಿನಿಂದ ಎಳೆದುಕೊಳ್ಳುತ್ತವೆ. ನಿಮ್ಮ ಬೆಂಡೆಗೆ, ಅಲಸಂಡೆಗೆ ಬೇಕಾದದ್ದು ಅವುಗಳ ಪಾಲಾಯಿತು. ಸ್ವಲ್ಪ ಸಮಯದ ನಂತರ ಅವು ಸತ್ತಾಗ ಆ ಸಾರಜನಕ ವಾಪಸ್ ಬರುತ್ತದೆ, ಹಾಳಾಗಿಲ್ಲ.

ಇಂಗಾಲದ ಲೆಕ್ಕ ಸುಮಾರು 25ಕ್ಕಿಂತ ಕೆಳಗಿದ್ದರೆ ಈ ತೊಂದರೆ ಇಲ್ಲ. ಗೊಬ್ಬರದ ಗಿಡದ (ಗ್ಲಿರಿಸಿಡಿಯಾ) ಸೊಪ್ಪು, ಅಲಸಂಡೆ ಬಳ್ಳಿ ಇಂಥವು ಬೇಗ ಕರಗಿ ಕೂಡಲೇ ಸತ್ವ ಬಿಡುವುದು ಅದಕ್ಕೇ. ಒಣಹುಲ್ಲನ್ನು ಮಣ್ಣಿಗೆ ಬೆರೆಸಬೇಡಿ, ಮೇಲೆ ಹೊದಿಕೆಯಾಗಿ ಹಾಸಿ. ಇಲ್ಲದಿದ್ದರೆ ಮೊದಲು ಹಟ್ಟಿಗೆ ಹಾಕಿ, ದನದ ಕಾಲಡಿ ಸೆಗಣಿ, ಗಂಜಳ ಸೇರಿ ಬರಲಿ. ಹಟ್ಟಿಗೊಬ್ಬರ ಅಂದರೆ ಇದೇ ಲೆಕ್ಕವನ್ನು ಸರಿ ಮಾಡುವ ಕ್ರಮ. ನಮ್ಮ ಕಡೆಯವರು ಯಾವ ಪುಸ್ತಕ ನೋಡಿಯೂ ಇದನ್ನು ಕಲಿತದ್ದಲ್ಲ.

ನಾಚಿಕೆ ಮುಳ್ಳು ಕಿತ್ತು ಕಿತ್ತು ಸಾಕಾಯಿತು. ಅದರಿಂದ ಮಣ್ಣಿಗೆ ಏನಾದರೂ ಉಪಯೋಗ ಇದೆಯಾ?

ಇದೆ. ಮುಂದಿನ ಸಲ ಕೀಳುವಾಗ ಬೇರನ್ನು ನೀರಿನಲ್ಲಿ ತೊಳೆದು ನೋಡಿ. ಸಾಸಿವೆಯಿಂದ ಹೆಸರುಕಾಳಿನವರೆಗಿನ ಗಾತ್ರದ ಗಂಟುಗಳು ಕಾಣುತ್ತವೆ. ಒಂದನ್ನು ಉಗುರಿನಿಂದ ಸೀಳಿ. ಒಳಗೆ ನಸುಗೆಂಪು ಬಣ್ಣ ಇದ್ದರೆ ಒಳಗಿನ ಬ್ಯಾಕ್ಟೀರಿಯಾ ಕೆಲಸದಲ್ಲಿದೆ. ಆ ಕೆಂಪು ನಮ್ಮ ರಕ್ತದ ಹಿಮೋಗ್ಲೋಬಿನ್ನಿನ ಸಂಬಂಧಿಯೇ ಆದ ಒಂದು ಪ್ರೋಟೀನಿನದು. ಹಸಿರು ಅಥವಾ ಕಂದು ಇದ್ದರೆ ಆ ಗಂಟಿನ ಕಾಲ ಮುಗಿದಿದೆ. ಮಕ್ಕಳಿಗೆ ತೋರಿಸಲು ಇದಕ್ಕಿಂತ ಒಳ್ಳೆ ಪಾಠ ನನಗೆ ಗೊತ್ತಿಲ್ಲ.

ನಾಚಿಕೆ ಮುಳ್ಳು ಅಮೆರಿಕ ಖಂಡದಿಂದ ಬಂದ ಗಿಡ. ದ್ವಿದಳ ಜಾತಿಯದು, ಗಾಳಿಯ ಸಾರಜನಕವನ್ನು ಹಿಡಿಯುತ್ತದೆ. ಆದರೆ ಬದುಕಿರುವಾಗ ಪಕ್ಕದ ಹುಲ್ಲಿಗೆ ಕೊಡುವುದು ಕಡಿಮೆ. ಅದರ ಎಲೆ, ಬೇರು ಕೊಳೆತ ಮೇಲೆ ಉಳಿದವರಿಗೆ ಸಿಗುತ್ತದೆ. ಹಾಗಾಗಿ ಕಿತ್ತದ್ದನ್ನು ರಸ್ತೆಗೆ ಎಸೆಯಬೇಡಿ, ಬೀಜ ಆಗುವ ಮೊದಲೇ ಕತ್ತರಿಸಿ ತೆಂಗಿನ ಬುಡಕ್ಕೆ ಹಾಕಿ.

ಹುಲ್ಲಿಗೂ ಇಂಥ ಗೆಳೆಯರು ಸ್ವಲ್ಪ ಇದ್ದಾರೆ. ಗಂಟು ಆಗುವುದಿಲ್ಲ, ಬೇರಿನ ಸುತ್ತ ಮತ್ತು ಒಳಗೆ ವಾಸ ಮಾಡುತ್ತಾರೆ. 1970ರ ದಶಕದಲ್ಲಿ ಬ್ರೆಜಿಲ್‌ನಲ್ಲಿ ಯೋಹಾನಾ ಡೊಬೆರೈನರ್ ಮತ್ತು ಅವರ ಜೊತೆಯವರು ಮೇವಿನ ಹುಲ್ಲಿನ ಬೇರಿನಲ್ಲಿ ಇಂಥ ಬ್ಯಾಕ್ಟೀರಿಯಾವನ್ನು ತೋರಿಸಿಕೊಟ್ಟರು. ಇವತ್ತು ಗೊಬ್ಬರದ ಅಂಗಡಿಯಲ್ಲಿ ಅಜೋಸ್ಪಿರಿಲಮ್ ಅಂತ ಪ್ಯಾಕೆಟ್ ಸಿಗುತ್ತದಲ್ಲ, ಅದೇ ಕುಲದ್ದು.

ನಮ್ಮ ಕೆಂಪು ಮಣ್ಣಿನಲ್ಲಿ ರಂಜಕ ಹಾಕಿದರೂ ಸಿಗುವುದಿಲ್ಲ ಅಂತಾರೆ. ಹುಲ್ಲಿಗೆ ಹೇಗೆ ಸಿಗುತ್ತದೆ?

ಹುಳಿಮಣ್ಣಿನ ಕಬ್ಬಿಣ ಮತ್ತು ಅಲ್ಯೂಮಿನಿಯಂ ರಂಜಕವನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತವೆ. ಸೂಪರ್ ಫಾಸ್ಫೇಟ್ ಹಾಕಿದರೆ ಮೊದಲ ಬೆಳೆಗೆ ಸಿಗುವುದು ಸಾಮಾನ್ಯವಾಗಿ ನೂರಕ್ಕೆ 15ರಿಂದ 20 ಭಾಗ. ಉಳಿದದ್ದು ಮಣ್ಣಿನಲ್ಲೇ ಇರುತ್ತದೆ, ಬೇರಿನ ಕೈಗೆ ಬರುವುದಿಲ್ಲ. ಹುಳಿಮಣ್ಣಿನ ತೋಟಕ್ಕೆ ರಾಕ್ ಫಾಸ್ಫೇಟ್ ಹೊಂದುವುದು ಅದು ಈ ಹುಳಿಯಲ್ಲೇ ನಿಧಾನ ಕರಗುವುದರಿಂದ.

ಹುಲ್ಲಿನ ಉಪಾಯ ಬೇರೆ. ಮೈಕೋರೈಜಾ ಎಂಬ ಶಿಲೀಂಧ್ರಗಳು ಅದರ ಬೇರಿನೊಳಗೆ ಸೇರಿಕೊಂಡು, ಹೊರಗೆ ಮಣ್ಣಿನೊಳಗೆ ದಾರ ಹರಡುತ್ತವೆ. ಈ ದಾರ ನಮ್ಮ ಕೂದಲಿಗಿಂತ ಹತ್ತು ಪಟ್ಟಾದರೂ ತೆಳು. ಬೇರಿಗೆ ನುಗ್ಗಲು ಆಗದ ಸಂದಿಗೂ ಹೋಗುತ್ತದೆ. ರಂಜಕ ಮಣ್ಣಿನಲ್ಲಿ ತಾನಾಗಿ ಸರಿಯುವುದು ತೀರಾ ನಿಧಾನ, ಹಾಗಾಗಿ ಅದು ಇರುವಲ್ಲಿಗೇ ಹೋಗಿ ತರುವವರು ಬೇಕು. ಬದಲಿಗೆ ಹುಲ್ಲು ತಾನು ಮಾಡಿದ ಸಕ್ಕರೆಯಲ್ಲಿ ಒಂದು ಪಾಲು ಕೊಡುತ್ತದೆ. ಜೊತೆಗೆ, ರಂಜಕ ಒಮ್ಮೆ ಹುಲ್ಲಿನ ಮೈಗೆ ಸೇರಿದರೆ ಮತ್ತೆ ಕಬ್ಬಿಣದ ಕೈಗೆ ಸಿಗದ ಹಾಗೆ ಓಡಾಡುತ್ತದೆ. ಕೊಳೆಯುವ ಬೇರಿನಿಂದ ಬಿಡುಗಡೆಯಾದ ಕೂಡಲೇ ಪಕ್ಕದ ಬೇರು ಅಥವಾ ಶಿಲೀಂಧ್ರ ಹೀರುತ್ತದೆ. ಪದೇ ಪದೇ ಉಳುವ ಜಾಗದಲ್ಲಿ ಈ ದಾರಗಳು ಕಡಿದುಹೋಗುತ್ತವೆ.

ಗುಡ್ಡದಲ್ಲಿ ದನ ಮೇದರೆ ಒಳ್ಳೆಯದಾ, ಕೆಟ್ಟದಾ?

ಎಷ್ಟು ದನ, ಎಷ್ಟು ಹೊತ್ತು, ಸೆಗಣಿ ಎಲ್ಲಿ ಬೀಳುತ್ತದೆ, ಇದರ ಮೇಲೆ ಹೋಗುತ್ತದೆ.

ದನ ತಿಂದ ಸಾರಜನಕದಲ್ಲಿ ನೂರಕ್ಕೆ 75ರಿಂದ 90 ಭಾಗ ಸೆಗಣಿ, ಗಂಜಳದಲ್ಲಿ ವಾಪಸ್ ಬರುತ್ತದೆ. ರಂಜಕ ಹೆಚ್ಚುಕಡಿಮೆ ಪೂರ್ತಿ ಸೆಗಣಿಯಲ್ಲಿ, ಪೊಟ್ಯಾಶ್ ಹೆಚ್ಚಾಗಿ ಗಂಜಳದಲ್ಲಿ. ಒಣಹುಲ್ಲು ತಾನಾಗಿ ಕೊಳೆಯಲು ತಿಂಗಳುಗಟ್ಟಲೆ ಬೇಕು. ದನದ ಹೊಟ್ಟೆಯಲ್ಲಿ ಆ ಕೆಲಸದ ದೊಡ್ಡ ಪಾಲು ಎರಡು ಮೂರು ದಿನದಲ್ಲಿ ಮುಗಿಯುತ್ತದೆ. ಹಾಗಾಗಿ ದನ ಮಿತವಾಗಿ ಮೇಯುವುದು ಸಾರದ ಈ ಓಡಾಟವನ್ನು ಚುರುಕು ಮಾಡುತ್ತದೆ. ಗಂಜಳ ಬಿದ್ದ ಜಾಗವನ್ನು ಸೋಣ ತಿಂಗಳಲ್ಲಿ (ಆಗಸ್ಟ್-ಸೆಪ್ಟೆಂಬರ್) ಗುರುತಿಸುವುದು ಸುಲಭ, ಕಡು ಹಸಿರಿನ ಒಂದು ತುಂಡು ನೆಲ. ಆ ಒಂದು ಜಾಗಕ್ಕೆ ಬೀಳುವ ಸಾರಜನಕವನ್ನು ಹೆಕ್ಟೇರಿಗೆ ಲೆಕ್ಕ ಹಾಕಿದರೆ ನೂರಾರು ಕಿಲೋ ಆಗುತ್ತದೆ. ಅಷ್ಟನ್ನು ಹುಲ್ಲು ಹೀರಲಾರದು, ಒಂದಷ್ಟು ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ.

ಮಳೆಗಾಲದಲ್ಲಿ ಒಂದೆರಡು ದಿನ ಹಳೆಯ ಸೆಗಣಿಯನ್ನು ಕೋಲಿನಿಂದ ಎತ್ತಿ ನೋಡಿ. ಮೇಲೆ ಸಣ್ಣ ಸಣ್ಣ ತೂತು, ಒಳಗೆ ಕಪ್ಪು ಹೊಳಪಿನ ಸೆಗಣಿ ದುಂಬಿಗಳು, ಅಡಿಯಲ್ಲಿ ನೆಲಕ್ಕೆ ಇಳಿದ ಬೆರಳು ಗಾತ್ರದ ಬಿಲಗಳು. ಬಿಲದ ಬಾಯಿಯಲ್ಲಿ ಹೊಸ ಕೆಂಪು ಮಣ್ಣಿನ ಗುಪ್ಪೆ. ಸೆಗಣಿಯನ್ನು ಉಂಡೆ ಉಂಡೆಯಾಗಿ ಅವು ಒಳಗೆ ಇಳಿಸುತ್ತವೆ. ಗಾಳಿಗೆ ಹೋಗಬೇಕಾದ ಸಾರಜನಕ ಬೇರಿನ ಹತ್ತಿರ ಸೇರುತ್ತದೆ, ಅದೇ ತೂತಿನಲ್ಲಿ ನೀರೂ ಇಂಗುತ್ತದೆ. ಬೇಸಿಗೆಯಲ್ಲಿ ಅದೇ ಸೆಗಣಿ ಬೆರಣಿಯಂತೆ ಒಣಗುತ್ತದೆ, ಆಗ ಗೆದ್ದಲಿನ ಸರದಿ.

ಇನ್ನೊಂದು ಮಾತು. ಹಗಲು ಗುಡ್ಡದಲ್ಲಿ ಮೇದ ದನವನ್ನು ರಾತ್ರಿ ಹಟ್ಟಿಯಲ್ಲಿ ಕಟ್ಟಿದರೆ ಗುಡ್ಡದ ಸಾರ ಹಟ್ಟಿಗೆ, ಹಟ್ಟಿಯಿಂದ ತೋಟಕ್ಕೆ ಬರುತ್ತದೆ. ತೋಟಕ್ಕೆ ಲಾಭ. ಗುಡ್ಡಕ್ಕೆ ಅಷ್ಟು ಕಡಿಮೆಯಾಯಿತು. ಊರ ದನಗಳು ಈಗ ಬಹಳ ಕಡೆ ಗುಡ್ಡಕ್ಕೆ ಹೋಗುವುದೇ ಇಲ್ಲ. ಅಂಥ ಕಡೆ ಹುಲ್ಲಿನ ಜಾಗಕ್ಕೆ ಕಮ್ಯುನಿಸ್ಟ್ ಗಿಡ (ಕ್ರೊಮೊಲೀನಾ ಎಂಬ ಕಳೆ), ಅಕೇಶಿಯಾ ನುಗ್ಗುತ್ತಿವೆ. ನನ್ನ ಅಭಿಪ್ರಾಯದಲ್ಲಿ ದನವೇ ಇಲ್ಲದ ಪದವಿಗಿಂತ ಸ್ವಲ್ಪ ದನ ಇರುವ ಪದವು ಒಳ್ಳೆಯದು.

ಹಿಂದೆ ಮುಳಿಹುಲ್ಲು ಹೊರೆ ಹೊರೆ ಕೊಯ್ದು ತರುತ್ತಿದ್ದರು. ಆಗ ಗುಡ್ಡ ಬಡವಾಗಲಿಲ್ವಾ?

ಸ್ವಲ್ಪ ಆಗಿಯೇ ಆಗಿದೆ. ನಮ್ಮ ಬೇಸಾಯವೇ ಮೇಲಿನಿಂದ ಕೆಳಗೆ ಸಾರ ಇಳಿಸುವ ಕ್ರಮದ ಮೇಲೆ ನಿಂತಿತ್ತು. ವರ್ಗ ಜಮೀನಿನ (ಸ್ವಂತ ಪಟ್ಟಾ ಜಮೀನು) ಸುತ್ತ ಸುಮಾರು ನೂರು ಗಜದ ಕುಮ್ಕಿಯಿಂದ, ಅಂದರೆ ಸೊಪ್ಪು, ಹುಲ್ಲು ತೆಗೆಯಲು ಹಕ್ಕಿದ್ದ ಸರಕಾರಿ ಜಾಗದಿಂದ, ಸೊಪ್ಪು, ಹುಲ್ಲು ತರುವುದು, ಹಟ್ಟಿಗೆ ಹಾಕುವುದು, ಗೊಬ್ಬರ ಮಾಡಿ ಬೆಟ್ಟು (ಮೇಲಿನ), ಮಜಲು (ನಡುವಿನ), ಬೈಲು (ತಗ್ಗಿನ) ಗದ್ದೆಗೆ ಹೊರುವುದು. ಬೈಲು ಗದ್ದೆಯ ಕಪ್ಪು ಮಣ್ಣಿನಲ್ಲಿ ಗುಡ್ಡದ ಪಾಲು ದೊಡ್ಡದಿದೆ.

ಒಂದು ಟನ್ ಹುಲ್ಲಿನ ಜೊತೆ ಎಷ್ಟು ಹೋಗುತ್ತದೆ ಅಂತ ಅಂದಾಜು ಬೇಕಾದರೆ ಭತ್ತದ ಬೈಹುಲ್ಲಿನ ಲೆಕ್ಕ ನೋಡಬಹುದು. ಟನ್ನಿಗೆ 5ರಿಂದ 8 ಕಿಲೋ ಸಾರಜನಕ, ಸುಮಾರು 1 ಕಿಲೋ ರಂಜಕ, 12ರಿಂದ 17 ಕಿಲೋ ಪೊಟ್ಯಾಶ್. ಪೊಟ್ಯಾಶ್ ಎಷ್ಟು ಜಾಸ್ತಿ ನೋಡಿ. ಮಾಡಿಗೆ ಹೊದಿಸುವ ಮುಳಿಯನ್ನು ಕೊಯ್ಯುತ್ತಿದ್ದದ್ದು ಪೂರ್ತಿ ಒಣಗಿದ ಮೇಲೆ. ಅಷ್ಟು ಹೊತ್ತಿಗೆ ಸತ್ವದ ದೊಡ್ಡ ಪಾಲು ಬುಡಕ್ಕೆ ಇಳಿದಿರುತ್ತದೆ. ಹಸಿರಿರುವಾಗ ಬುಡಮಟ್ಟ ಹೆರೆದರೆ ಆಗುವ ನಷ್ಟ ಬೇರೆ ಮಟ್ಟದ್ದು.

ಮೇವಿಗೆ ಬೆಳೆಸುವ ನೇಪಿಯರ್ ಕೂಡ ಹುಲ್ಲೇ ತಾನೆ? ಅದಕ್ಕೆ ಯಾಕೆ ಅಷ್ಟು ಗೊಬ್ಬರ?

ವರ್ಷಕ್ಕೆ ಐದಾರು ಸಲ, ಅದೂ ಹಸಿರಿರುವಾಗಲೇ ಕೊಯ್ಯುತ್ತೀರಿ. ಸತ್ವ ಬುಡಕ್ಕೆ ಇಳಿಸಲು ಅದಕ್ಕೆ ಅವಕಾಶವೇ ಸಿಗುವುದಿಲ್ಲ. ಕೊಯ್ದಷ್ಟು ಸಾರ ವಾಪಸ್ ಕೊಡಲೇಬೇಕು. ಗೋಬರ್ ಗ್ಯಾಸಿನ ಸ್ಲರಿ ಇದ್ದರೆ ಮೊದಲು ನೇಪಿಯರ್‌ಗೆ ಬಿಡಿ.

ಬೇಸಿಗೆಯಲ್ಲಿ ಗುಡ್ಡಕ್ಕೆ ಬೆಂಕಿ ಕೊಟ್ಟರೆ ಹೊಸ ಹುಲ್ಲು ಚೆನ್ನಾಗಿ ಬರುತ್ತದಲ್ಲ, ಅದರಲ್ಲಿ ತಪ್ಪೇನು?

ಚಿಗುರು ಚೆನ್ನಾಗಿ ಕಾಣುವುದು ನಿಜ. ಹಳೆಯ ಒಣಹುಲ್ಲಿನ ನೆರಳು ಹೋಗುತ್ತದೆ, ಬೂದಿಯಲ್ಲಿ ಪೊಟ್ಯಾಶ್, ಸುಣ್ಣದ ಅಂಶ, ರಂಜಕ ಇರುತ್ತವೆ, ಮಣ್ಣಿನ ಹುಳಿ ಸ್ವಲ್ಪ ಇಳಿಯುತ್ತದೆ. ಬಸಳೆ ಬುಡಕ್ಕೆ ಸುಡುಮಣ್ಣು (ಕಸ, ಸೊಪ್ಪಿನ ಜೊತೆ ಸುಟ್ಟ ಮಣ್ಣು) ಹಾಕಿದರೆ ಬಳ್ಳಿ ಏಳುವುದು ಇದೇ ಕಾರಣಕ್ಕೆ.

ಆದರೆ ಸುಡುಮಣ್ಣನ್ನು ನೀವು ಬುಡಕ್ಕೆ ಹಾಕಿ ಮಣ್ಣು ಮುಚ್ಚುತ್ತೀರಿ. ಗುಡ್ಡದ ಬೂದಿಯನ್ನು ಯಾರು ಮುಚ್ಚುತ್ತಾರೆ? ಇಳಿಜಾರಿನಲ್ಲಿ ಮೊದಲ ಮಳೆಗೆ ತೋಡಿಗೆ ಹೋಗುತ್ತದೆ. ಎಲೆಯಲ್ಲಿ ಉಳಿದ ಸಾರಜನಕ, ಗಂಧಕದ ಬಹುಪಾಲು ಹೊಗೆಯಾಗಿ ಹೋಗುತ್ತದೆ. ಹುಲ್ಲಿನ ಬೆಂಕಿ ಬೇಗ ಓಡುವುದರಿಂದ ನೆಲದೊಳಗೆ ಕೆಲವು ಸೆಂಟಿಮೀಟರ್ ಕೆಳಗೆ ಬಿಸಿ ಅಷ್ಟು ಇಳಿಯುವುದಿಲ್ಲ, ಬೇರು ಉಳಿಯುತ್ತದೆ. ಹಾಗಾಗಿ ಒಂದು ಸಲದ ಬೆಂಕಿಗೆ ಹುಲ್ಲುಗಾವಲು ಸಾಯುವುದಿಲ್ಲ. ಪ್ರತಿ ವರ್ಷ ಸುಟ್ಟರೆ ಹೊದಿಕೆ ಇಲ್ಲದ ನೆಲದ ಮೇಲೆ ನಮ್ಮ ಜೂನ್ ಮಳೆ ನೇರವಾಗಿ ಬೀಳುತ್ತದೆ. ಇರುವ ನಾಲ್ಕು ಬೆರಳು ಮಣ್ಣೂ ಕರಗುತ್ತದೆ. ದಯವಿಟ್ಟು ಸುಡಬೇಡಿ.

ಪದವಿಗೆ ಯೂರಿಯಾ ಎರಚಿದರೆ?

ಬೇಡ. ಇಂಗ್ಲೆಂಡಿನ ರೋಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ 1856ರಿಂದ ಇವತ್ತಿನವರೆಗೆ ಒಂದು ಹುಲ್ಲುಗಾವಲನ್ನು ತುಂಡು ತುಂಡಾಗಿ ವಿಂಗಡಿಸಿ ಬೇರೆ ಬೇರೆ ಗೊಬ್ಬರ ಹಾಕುತ್ತಾ ಬಂದಿದ್ದಾರೆ. ಏನೂ ಹಾಕದ ತುಂಡುಗಳಲ್ಲಿ 30, 40 ಜಾತಿಯ ಗಿಡಗಳಿವೆ. ಅಮೋನಿಯಂ ಸಲ್ಫೇಟ್ ಜಾಸ್ತಿ ಹಾಕಿ ಸುಣ್ಣ ಹಾಕದ ತುಂಡುಗಳಲ್ಲಿ ಮಣ್ಣು ತೀರಾ ಹುಳಿಯಾಗಿ, ಬೆರಳೆಣಿಕೆಯ ಜಾತಿ ಉಳಿದಿವೆ. ಗೊಬ್ಬರ ಸಿಕ್ಕಾಗ ಬೇಗ ಬೆಳೆಯುವ ಒಂದೆರಡು ಹುಲ್ಲು ಎತ್ತರಕ್ಕೆ ಹೋಗಿ ಉಳಿದವುಗಳ ಬೆಳಕು ಕಸಿಯುತ್ತವೆ. ನಮ್ಮಲ್ಲಿ ಇನ್ನೊಂದು ಅಪಾಯ ಇದೆ. ಮುರಕಲ್ಲಿನ ತುಂಬ ತೂತು, ನೈಟ್ರೇಟ್ ಸೀದಾ ಕೆಳಗಿನ ಮನೆಗಳ ಬಾವಿಗೆ ಇಳಿಯಬಹುದು.

ಅಕೇಶಿಯಾ ಕೂಡ ಸಾರಜನಕ ಹಿಡಿಯುವ ಮರ ಅಲ್ವಾ? ಹಾಗಾದರೆ ಪದವಿಗೆ ಒಳ್ಳೆಯದೇ ತಾನೆ?

ಹಿಡಿಯುತ್ತದೆ, ಹೌದು. ಬರಡು ಗುಡ್ಡ ಹಸಿರು ಮಾಡುತ್ತೇವೆ ಅಂತ ನಮ್ಮ ಕರಾವಳಿಯಲ್ಲಿ ಅದನ್ನು ನೆಟ್ಟದ್ದೇ ನೆಟ್ಟದ್ದು. ಅದರ ಕೆಳಗೆ ಹೋಗಿ ನೋಡಿ. ಬಾಗಿದ, ಚರ್ಮದಂಥ ಎಲೆಗಳ ದಪ್ಪ ಹಾಸು. ಕೊಳೆಯುವುದು ನಿಧಾನ. ನೆರಳು, ಕಸ ಎರಡೂ ಸೇರಿ ಹುಲ್ಲು ಏಳಲು ಬಿಡುವುದಿಲ್ಲ. ಹುಲ್ಲು ಹೋದರೆ ನೆಲವನ್ನು ಹಿಡಿದಿದ್ದ ಸಣ್ಣ ಬೇರಿನ ಬಲೆ ಹೋಗುತ್ತದೆ. ಬಿಸಿಲು ಬೇಕಾದ ಸಣ್ಣ ಹೂಗಿಡಗಳೂ ಹೋಗುತ್ತವೆ. ಮಣ್ಣಿನಲ್ಲಿ ಸಾರಜನಕ ಏರಿದ್ದು ಪರೀಕ್ಷೆಯಲ್ಲಿ ಕಾಣಬಹುದು. ಅಷ್ಟಕ್ಕೇ ಆ ಜಾಗ ಸುಧಾರಿಸಿತು ಅಂತ ನಾನು ಒಪ್ಪುವುದಿಲ್ಲ. ಪದವು ಯಾವತ್ತೂ ಬರಡು ಆಗಿರಲಿಲ್ಲ.

ಪದವಿನಲ್ಲಿ ಹುಳ ತಿನ್ನುವ ಗಿಡ ಇದೆ ಅಂತ ಕೇಳಿದ್ದೇನೆ. ನಿಜವಾ?

ನಿಜ. ಮಳೆಗಾಲದಲ್ಲಿ ನೀರು ನಿಂತ ತೆಳು ಮಣ್ಣಿನಲ್ಲಿ ಡ್ರೊಸೆರಾ ಇರುತ್ತದೆ, ಎಲೆಯ ತುಂಬ ಅಂಟು ಹನಿ. ನೀಲಿ ಹೂವಿನ ಯುಟ್ರಿಕುಲೇರಿಯಾ ನೀರಿನಡಿ ಸಣ್ಣ ಚೀಲಗಳಲ್ಲಿ ಹುಳ ಹಿಡಿಯುತ್ತದೆ. ಮಣ್ಣಿನಲ್ಲಿ ಸಾರಜನಕ, ರಂಜಕ ಅಷ್ಟು ಕಡಿಮೆ ಇರುವುದರಿಂದ ಈ ದಾರಿ. ಇವು ಇರುವ ಜಾಗಕ್ಕೆ ಗೊಬ್ಬರ ಬಿದ್ದರೆ ದೊಡ್ಡ ಹುಲ್ಲು ಬಂದು ಇವನ್ನು ಮುಚ್ಚಿಬಿಡುತ್ತದೆ.

ಯಾವ ಜಾತಿಯ ಹುಲ್ಲಾದರೂ ಮಣ್ಣಿಗೆ ಒಂದೇನಾ?

ಖಂಡಿತ ಅಲ್ಲ. ಅಮೆರಿಕದ ಮಿನ್ನೆಸೋಟದ ಸೀಡರ್ ಕ್ರೀಕ್‌ನಲ್ಲಿ ವೆಡಿನ್ ಮತ್ತು ಟಿಲ್ಮನ್ ಎಂಬ ಇಬ್ಬರು ಒಂದೇ ರೀತಿಯ ಮಣ್ಣಿನಲ್ಲಿ ಐದು ಜಾತಿಯ ಬಹುವಾರ್ಷಿಕ ಹುಲ್ಲನ್ನು ಬೇರೆ ಬೇರೆಯಾಗಿ ಬೆಳೆಸಿದರು. ಮೂರು ವರ್ಷದೊಳಗೆ ಮಣ್ಣು ವರ್ಷಕ್ಕೆ ಬಿಡುಗಡೆ ಮಾಡುವ ಸಾರಜನಕದಲ್ಲಿ ಹತ್ತು ಪಟ್ಟಿನವರೆಗೆ ವ್ಯತ್ಯಾಸ ಬಂತು. 1990ರಲ್ಲಿ ಇದು ಪ್ರಕಟವಾಯಿತು. ಮಣ್ಣು ನೋಡಿ ಹುಲ್ಲು ಬರುತ್ತದೆ ಅಂತ ನಾವು ಹೇಳುತ್ತೇವೆ. ಹುಲ್ಲು ತನಗೆ ಬೇಕಾದ ಹಾಗೆ ಮಣ್ಣನ್ನು ಮಾಡಿಕೊಳ್ಳುತ್ತದೆ ಅನ್ನುವುದೂ ಅಷ್ಟೇ ಸತ್ಯ. ಗಡುಸು, ನಿಧಾನ ಕೊಳೆಯುವ ಬೇರಿನ ಹುಲ್ಲು ಸಾರಜನಕವನ್ನು ಕಟ್ಟಿಹಾಕುತ್ತದೆ. ಆಗ ಕಡಿಮೆಯಲ್ಲಿ ಬದುಕಲು ಗೊತ್ತಿರುವ ಅದಕ್ಕೇ ಅನುಕೂಲ.

ಆಫ್ರಿಕಾ ಮೂಲದ ಬ್ರಾಕಿಯೇರಿಯಾ ಎಂಬ ಮೇವಿನ ಹುಲ್ಲಿನ ಒಂದು ಜಾತಿ ಇನ್ನೂ ಮುಂದೆ ಹೋಗಿದೆ. ಅಮೋನಿಯಂ ಅನ್ನು ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾಗಳನ್ನು ತಡೆಯುವ ವಸ್ತುವನ್ನು ಅದರ ಬೇರು ಒಸರುತ್ತದೆ. ಆ ವಸ್ತುವನ್ನು 2009ರಲ್ಲಿ ಗುರುತಿಸಿದರು. ಅಮೋನಿಯಂ ಮಣ್ಣಿಗೆ ಅಂಟಿಕೊಳ್ಳುತ್ತದೆ, ನೈಟ್ರೇಟ್ ಮಳೆಗೆ ತೊಳೆದುಹೋಗುತ್ತದೆ. ಮಳೆ ಜಾಸ್ತಿ ಇರುವ ಕಡೆ ಇದು ಎಷ್ಟು ದೊಡ್ಡ ಉಳಿತಾಯ ಅಂತ ಯೋಚಿಸಿ.

ಕುದುರೆಮುಖದ ಹುಲ್ಲುಗಾವಲಿನ ಮಣ್ಣು ಕಪ್ಪಗಿದೆ, ನಮ್ಮ ಪದವಿನದು ಕೆಂಪು. ಯಾಕೆ?

ಎತ್ತರ, ತಂಪು, ಮಂಜು. ಅಲ್ಲಿ ಬೇರು ಕೊಳೆಯುವುದು ನಿಧಾನ, ವರ್ಷ ವರ್ಷದ ಬೇರಿನ ಅಂಶ ಸೇರಿ ಸೇರಿ ಮಣ್ಣು ಕಪ್ಪಾಗುತ್ತದೆ. ಇಲ್ಲಿ ಬಿಸಿ ಜಾಸ್ತಿ, ಎಲ್ಲ ಬೇಗ ಕರಗುತ್ತದೆ. ಕುದುರೆಮುಖ ರಾಷ್ಟ್ರೀಯ ಉದ್ಯಾನ ಆದದ್ದು 1987ರಲ್ಲಿ, ಕಾರ್ಕಳ, ಬೆಳ್ತಂಗಡಿ ತಾಲೂಕುಗಳಿಗೂ ಅದು ಚಾಚಿದೆ. ನೇತ್ರಾವತಿ ಹುಟ್ಟುವುದು ಆ ಬೆಟ್ಟಗಳಲ್ಲಿ. ಆ ನದಿಗೆ ಕಟ್ಟಿದ ತುಂಬೆ ಅಣೆಕಟ್ಟಿನಿಂದ ಮಂಗಳೂರಿಗೆ ಬರುವ ಕುಡಿಯುವ ನೀರಿನ ಹಿಂದೆ ಆ ಹುಲ್ಲಿನ ಬೇರಿನ ಕೆಲಸವೂ ಇದೆ.

ಮಣ್ಣು ಪರೀಕ್ಷೆಯಲ್ಲಿ ಸಾವಯವ ಇಂಗಾಲ ಜಾಸ್ತಿ ಅಂತ ಬಂತು. ಹಾಗಾದರೆ ಸಾರಜನಕವೂ ಸಾಕಷ್ಟು ಇದೆಯಾ?

ಅವಸರ ಮಾಡಬೇಡಿ. ನಮ್ಮ ಪ್ರಯೋಗಾಲಯಗಳಲ್ಲಿ ಸಾಮಾನ್ಯವಾಗಿ ಸಾವಯವ ಇಂಗಾಲವನ್ನು ಅಳೆದು ಸಾರಜನಕವನ್ನು ಅಂದಾಜು ಮಾಡುತ್ತಾರೆ. ಇಂಗಾಲ ಶೇಕಡಾ 0.5ಕ್ಕಿಂತ ಕೆಳಗೆ ಇದ್ದರೆ ಕಡಿಮೆ, ಶೇಕಡಾ 0.75ಕ್ಕಿಂತ ಮೇಲೆ ಇದ್ದರೆ ಜಾಸ್ತಿ ಅಂತ ಬರೆಯುತ್ತಾರೆ. ಹುಲ್ಲಿನ ಬೇರು ತುಂಬಿದ ಮಣ್ಣಿನಲ್ಲಿ ಇಂಗಾಲ ಇರುತ್ತದೆ, ಆದರೆ ಸಾರಜನಕ ಅದರೊಳಗೆ ಕಟ್ಟಿಹಾಕಿಕೊಂಡಿರಬಹುದು. ರಂಜಕಕ್ಕೆ ಹುಳಿಮಣ್ಣಿನಲ್ಲಿ ಬ್ರೇ ವಿಧಾನ ಬೇಕು, ಓಲ್ಸೆನ್ ವಿಧಾನ ಸುಣ್ಣದ ಮಣ್ಣಿಗೆ ಸರಿ. ಯಾವುದು ಮಾಡಿದ್ದಾರೆ ಅಂತ ಕೇಳಿ ತಿಳಿದುಕೊಳ್ಳಿ. ಬ್ರಹ್ಮಾವರದ ಮತ್ತು ಮಂಗಳೂರಿನ ಕೃಷಿ ವಿಜ್ಞಾನ ಕೇಂದ್ರಗಳಲ್ಲಿ ವಿಚಾರಿಸಬಹುದು.

ಪದವಿನಲ್ಲಿ ಸೈಟು ಇದೆ. ಮನೆ ಕಟ್ಟಲು ಜೆಸಿಬಿ ಬರುತ್ತದೆ. ಏನು ಮಾಡಬಹುದು?

ಮೇಲಿನ 10ರಿಂದ 15 ಸೆಂಟಿಮೀಟರ್ ಮಣ್ಣನ್ನು ಹುಲ್ಲಿನ ಬುಡದ ಸಮೇತ ಮೊದಲೇ ತೆಗೆಸಿ ಒಂದು ಬದಿಯಲ್ಲಿ ರಾಶಿ ಮಾಡಿಸಿ. ಬೇರು, ಬೀಜ, ಶಿಲೀಂಧ್ರ, ಪೋಷಕಾಂಶ ಬಹುಪಾಲು ಅದರಲ್ಲೇ ಇವೆ. ರಾಶಿ ತುಂಬ ಎತ್ತರ ಬೇಡ, ಮಳೆಗೆ ಕೊಚ್ಚಿಹೋಗದ ಹಾಗೆ ಮುಚ್ಚಿಡಿ. ಕೆಲಸ ಮುಗಿದ ಮೇಲೆ ಅಂಗಳದ ಬದಿಗೆ ಅದನ್ನೇ ಹರಡಿ. ಹೊರಗಿನಿಂದ ಲೋಡುಗಟ್ಟಲೆ ಮಣ್ಣು ತರಿಸುವ ಖರ್ಚು ಉಳಿಯುತ್ತದೆ. ಸೈಟಿನ ಒಂದು ಮೂಲೆಯನ್ನು ಇದ್ದ ಹಾಗೇ ಬಿಡಲು ಆದರೆ ಇನ್ನೂ ಒಳ್ಳೆಯದು.

ಅಂಗಳದ ಹುಲ್ಲು ಮಿಷನ್‌ನಲ್ಲಿ ಕತ್ತರಿಸಿದ ಮೇಲೆ ಗುಡಿಸಿ ತೆಗೆಯಬೇಕಾ?

ಬೇಡ, ಅಲ್ಲೇ ಬಿಡಿ. ಸಣ್ಣದಾಗಿ ಕತ್ತರಿಸಿದ ಹಸಿ ಹುಲ್ಲು ಮಳೆಗಾಲದಲ್ಲಿ ಬೇಗ ಕರಗುತ್ತದೆ. ಅಂಗಳದ ಹುಲ್ಲಿಗೆ ಬೇಕಾದ ಸಾರಜನಕದಲ್ಲಿ ನಾಲ್ಕನೇ ಒಂದು ಪಾಲಿನವರೆಗೆ ಅದರಿಂದಲೇ ಸಿಗುತ್ತದೆ. ಉದ್ದ ಬೆಳೆದದ್ದನ್ನು ಕತ್ತರಿಸಿ ದಪ್ಪಗೆ ಬಿದ್ದಿದ್ದರೆ ಮಾತ್ರ ಸ್ವಲ್ಪ ಎತ್ತಿ ತೆಂಗಿನ ಬುಡಕ್ಕೆ ಹಾಕಿ, ಇಲ್ಲದಿದ್ದರೆ ಅಡಿಯ ಹುಲ್ಲು ಕೊಳೆಯುತ್ತದೆ.